ಭಗವದ್ಯಾನದಲ್ಲಿ ಶ್ರೀಕೃಷ್ಣನು ದೂತನೋ ಮಧ್ಯಸ್ಥನೋ?

ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತದೆ ವಿವಾದವನ್ನು ತೀರಿಸಿಕೊಳ್ಳುವ ಕ್ರಮಗಳನ್ನು ಕುರಿತು ಈಚೆಗೆ ಭಾರತದಲ್ಲಿ ನಡೆಯುವ ಉಪನ್ಯಾಸಗಳಲ್ಲಿಯೂ ಬರೆಯಲ್ಪಡುವ ಪ್ರಬಂಧಗಳಲ್ಲಿಯೂ ಒಂದು ಮಾತು ಮಂಗಳಶ್ಲೋಕದಂತೆ ಮೊದಲಲ್ಲಿಯೇ ಬಂದು ನಿಲ್ಲುವುದುಂಟು. ಶ್ರೀಕೃಷ್ಣನೇ ಆದಿಮಧ್ಯಸ್ಥನೆಂಬುದೂ, ಉದ್ಯೋಗಪರ್ವದ ಭಗವದ್ಯಾನವೇ ಇಂದಿನ ಮೀಡಿಯೇಷನ್ ಎಂಬ ವ್ಯವಸ್ಥೆಗೆ ಪ್ರಾಚೀನ ನಿದರ್ಶನವೆಂಬುದೂ ಆ ಮಾತಿನ ತಾತ್ಪರ್ಯ. 2021ನೆಯ ಇಸವಿಯ ಜುಲೈ ತಿಂಗಳಲ್ಲಿ ನಡೆದ ಭಾರತ-ಸಿಂಗಪುರ ಮೀಡಿಯೇಷನ್ ಸಮ್ಮೇಳನದಲ್ಲಿ ಆಗಿನ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾದ ಎನ್. ವಿ. ರಮಣ ಅವರೂ ಈ ಪ್ರಸಂಗವನ್ನೇ ಉದಾಹರಿಸಿ, ಆ ಪ್ರಯತ್ನವು ವಿಫಲವಾದುದರಿಂದ ಒದಗಿದ ಅನರ್ಥವನ್ನು ನೆನಪಿಗೆ ತಂದರು. ಸಭೆಯಲ್ಲಿ ಸಂದರ್ಭಕ್ಕೆ ತಕ್ಕಂತೆ ಆಡಿದ ಮಾತಿನಲ್ಲಿ ಶಾಸ್ತ್ರಗ್ರಂಥದ ನಿಷ್ಕರ್ಷೆಯನ್ನು ಅಪೇಕ್ಷಿಸುವುದು ಯುಕ್ತವಲ್ಲ. ಆದರೆ ಅದೇ ಮಾತು ಪಾಠಶಾಲೆಯನ್ನು ಹೊಕ್ಕಾಗ ವಿಷಯವು ಬೇರೆಯಾಗುತ್ತದೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಮೇರೆಗೆ ಪರ್ಯಾಯ ವಿವಾದಪರಿಹಾರವು ಕಾನೂನು ವಿದ್ಯಾರ್ಥಿಗಳೆಲ್ಲರೂ ಓದಲೇಬೇಕಾದ ವಿಷಯವಾಗಿದೆ. ಮಧ್ಯಸ್ಥನೆಂದರೆ ಯಾರು ಎಂಬ ಪ್ರಶ್ನೆಗೆ ಅರ್ಜುನನ ಸಾರಥಿಯನ್ನು ತೋರಿಸಿದರೆ, ಒಂದು ಪಕ್ಷದ ರಥದ ಮೇಲೆ ಕುಳಿತೇ ಎರಡು ಪಕ್ಷಗಳಿಗೂ ಮಧ್ಯಸ್ಥನಾಗಬಹುದೆಂಬ ಪಾಠವು ಕಲಿಯುವವನ ಮನಸ್ಸಿನಲ್ಲಿ ನೆಲಸುವುದು. ಇತ್ತ ಕಾವ್ಯವಿಮರ್ಶೆಗೂ ಇದರಿಂದ ಹಾನಿಯುಂಟು. ಕೃಷ್ಣನು ಶಾಂತಿಯ ಹೆಸರಿನಲ್ಲಿ ಹೋಗಿ ಯುದ್ಧವನ್ನೇ ಸಾಧಿಸಿಕೊಂಡು ಬಂದನೆಂಬ ಹಳೆಯ ಆಕ್ಷೇಪಕ್ಕೂ, ಅವನೇ ಆದಿಮಧ್ಯಸ್ಥನೆಂಬ ಹೊಸ ಸ್ತುತಿಗೂ ಬೇರು ಒಂದೇ. ಅವನು ವಹಿಸದೆ ಇದ್ದ ಅಧಿಕಾರವನ್ನು ಅವನಿಗೆ ಆರೋಪಿಸಿ, ಬಳಿಕ ಒಬ್ಬರು ಹೊಗಳುವರು, ಇನ್ನೊಬ್ಬರು ತೆಗಳುವರು.

ಕನ್ನಡದಲ್ಲಿ ಈ ಗೊಂದಲಕ್ಕೆ ಶಬ್ದವೂ ಸ್ವಲ್ಪಮಟ್ಟಿಗೆ ಕಾರಣವಾಗಿದೆ. ಭಗವದ್ಯಾನವನ್ನು ಕನ್ನಡಿಗರು ಶ್ರೀಕೃಷ್ಣಸಂಧಾನವೆಂದೇ ಕರೆಯುವರು. ತಾಳಮದ್ದಳೆಯ ಕೂಟಗಳಲ್ಲಿ ಕೃಷ್ಣಸಂಧಾನವು ಬಹು ಪ್ರಸಿದ್ಧವಾದ ಪ್ರಸಂಗ. ಈಗ ವೃತ್ತಪತ್ರಿಕೆಗಳಲ್ಲಿ ಸಂಧಾನವೆಂಬ ಶಬ್ದವು ಮೀಡಿಯೇಷನ್ನಿಗೂ ಸಲ್ಲುತ್ತದೆ, ರಾಜಿಗೂ ಸಲ್ಲುತ್ತದೆ. ಮಧ್ಯಸ್ಥಿಕೆಯೆಂಬ ಶಬ್ದವಂತೂ ತೀರ್ಪು ಕೊಡುವ ಆರ್ಬಿಟ್ರೇಷನ್ನಿಗೂ ತೀರ್ಪು ಕೊಡದ ಮೀಡಿಯೇಷನ್ನಿಗೂ ಸಮಾನವಾಗಿ ಬಳಕೆಯಲ್ಲಿದೆ. ಇದು ಕನ್ನಡದ ದೋಷವೆಂದು ಮಾತ್ರ ಹೇಳುವಂತಿಲ್ಲ. ಇಂಗ್ಲಿಷಿನಲ್ಲಿ ರಚಿತವಾದ ಶಾಸನದಲ್ಲಿಯೇ ಇಂತಹ ಸಾಂಕರ್ಯವು ನುಸುಳಿದ್ದುಂಟು. 1999ರ ತಿದ್ದುಪಡಿಯಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಸೇರಿ 2002ರಲ್ಲಿ ಜಾರಿಗೆ ಬಂದ 89ನೆಯ ಪ್ರಕರಣದಲ್ಲಿ ಮೀಡಿಯೇಷನ್ನಿಗೆ ಹೇಳಬೇಕಾದ ಲಕ್ಷಣವನ್ನು ನ್ಯಾಯಾಧೀಶರು ಮಾಡಿಸುವ ರಾಜಿಗೂ, ಅದಕ್ಕೆ ಹೇಳಬೇಕಾದುದನ್ನು ಇದಕ್ಕೂ ಅದಲುಬದಲಾಗಿ ಹೇಳಿಬಿಟ್ಟಿತ್ತು. ಮೊದಲು ಕರ್ಣಾಟಕದ ಉಚ್ಚ ನ್ಯಾಯಾಲಯದಲ್ಲಿದ್ದು ಅನಂತರ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾದ ಆರ್. ವಿ. ರವೀಂದ್ರನ್ ಅವರು 2010ರಲ್ಲಿ ಆಫ್ಕಾನ್ಸ್ ಮೊಕದ್ದಮೆಯ ತೀರ್ಪಿನಲ್ಲಿ ಈ ವ್ಯತ್ಯಾಸವನ್ನು ಎತ್ತಿ ತೋರಿಸಿ, ಎರಡು ಶಬ್ದಗಳನ್ನೂ ಸ್ಥಾನಾಂತರಗೊಳಿಸಿ ಓದಿಕೊಳ್ಳಬೇಕೆಂದು ನಿರ್ಣಯಿಸಿದರು. ಪಾಠವನ್ನು ಶೋಧಿಸುವ ಪಂಡಿತನು ಮಾಡುವ ಕೆಲಸವೂ ಇದೇ. ಶಾಸನಕ್ಕೆ ದೊರೆತ ಈ ಪಾಠಪರಿಷ್ಕಾರವು ಮಹಾಭಾರತದ ಪ್ರಸಂಗಕ್ಕೂ ದೊರೆಯಬೇಕಾಗಿದೆ.

ಮಧ್ಯಸ್ಥನ ಲಕ್ಷಣವನ್ನು ಈಗ 2023ರ ಮೀಡಿಯೇಷನ್ ಅಧಿನಿಯಮದಲ್ಲಿ ನೋಡಬಹುದು. ಅವನು ಎರಡು ಪಕ್ಷಗಳಿಗೂ ಹೊರಗಿನ ಮೂರನೆಯವನು. ಯಾವ ಪರಿಹಾರವನ್ನೂ ಅವರ ಮೇಲೆ ಹೇರುವ ಅಧಿಕಾರವು ಅವನಿಗಿಲ್ಲ. ತನಗೆ ಒಂದು ಪಕ್ಷದೊಡನೆ ಸಂಬಂಧವಿದ್ದು ಅದರಿಂದ ನಿಷ್ಪಕ್ಷಪಾತತೆಯಲ್ಲಿ ಸಂದೇಹವು ಹುಟ್ಟುವಂತಿದ್ದರೆ ಅದನ್ನು ಮೊದಲೇ ತಿಳಿಸತಕ್ಕದ್ದು. ಅವನ ಮುಂದೆ ಆಡಿದ ಮಾತು ಗೋಪ್ಯವಾಗಿರತಕ್ಕದ್ದು. ಈ ಲಕ್ಷಣವನ್ನು ಕೈಯಲ್ಲಿ ಹಿಡಿದು ಉದ್ಯೋಗಪರ್ವವನ್ನು ಓದಿದರೆ ದೊರೆಯುವುದೇನು?

ಮೊದಲು ದ್ವಾರಕೆಯ ವೃತ್ತಾಂತ. ದುರ್ಯೋಧನನೂ ಅರ್ಜುನನೂ ಸಹಾಯವನ್ನು ಬೇಡಲು ಒಂದೇ ಹೊತ್ತಿಗೆ ಅಲ್ಲಿಗೆ ಬಂದಾಗ ನಾರಾಯಣಸೇನೆಯು ಒಬ್ಬನಿಗೂ, ಆಯುಧವನ್ನು ಹಿಡಿಯದ ಕೃಷ್ಣನು ಇನ್ನೊಬ್ಬನಿಗೂ ಸಂದುದು ಸರ್ವವಿದಿತ. ಇದು ನಡೆದುದು ಭಗವದ್ಯಾನಕ್ಕಿಂತ ಮುಂಚೆ. ಎಂದರೆ ಹಸ್ತಿನಾವತಿಗೆ ಹೊರಡುವಾಗಲೇ ಕೃಷ್ಣನು ಅರ್ಜುನನ ಸಾರಥ್ಯವನ್ನು ಒಪ್ಪಿಕೊಂಡಿದ್ದನು. ಹೊರಡುವ ದಿನ ಶಂಖ ಚಕ್ರ ಗದೆಗಳನ್ನು ರಥದಲ್ಲಿರಿಸೆಂದು ಸಾತ್ಯಕಿಗೆ ಅಪ್ಪಣೆಯಿತ್ತುದನ್ನೂ ವ್ಯಾಸನು ಮರೆಯದೆ ಹೇಳಿದ್ದಾನೆ.

ಇನ್ನು ಯುಧಿಷ್ಠಿರನೊಡನೆ ನಡೆದ ಸಂಭಾಷಣೆ. ನಿಮ್ಮಿಬ್ಬರ ಪ್ರಯೋಜನಕ್ಕಾಗಿಯೂ ಕುರುಸಭೆಗೆ ಹೋಗುವೆನೆಂದು ಕೃಷ್ಣನು ಅಲ್ಲಿ ಹೇಳುವನು. ಆದಿಮಧ್ಯಸ್ಥವಾದಿಗಳಿಗೆ ಇದಕ್ಕಿಂತ ಪ್ರಿಯವಾದ ಪ್ರಮಾಣವು ಬೇರೊಂದಿಲ್ಲ. ಆದರೆ ಅದರ ಬೆನ್ನಿಗೇ ಬರುವ ಶ್ಲೋಕವನ್ನು ಅವರು ಉದಾಹರಿಸುವುದಿಲ್ಲ. ನಿಮ್ಮ ಪ್ರಯೋಜನಕ್ಕೆ ಕುಂದು ಬಾರದಂತೆ ಶಾಂತಿಯು ದೊರೆತರೆ ತನಗೆ ಮಹಾಪುಣ್ಯವೆಂಬುದು ಅಲ್ಲಿಯ ಅರ್ಥ. ಕುಂದಬಾರದೆಂಬ ನಿಬಂಧನೆಯು ಪಾಂಡವರ ಪ್ರಯೋಜನಕ್ಕೆ ಮಾತ್ರ. ಕೌರವರ ವಿಷಯದಲ್ಲಿ ಅಂತಹ ನಿಬಂಧನೆಯಿಲ್ಲ. ಮುಂದೆ ಅವನು ಯುಧಿಷ್ಠಿರನ ಗುಣಗಳನ್ನೂ ದುರ್ಯೋಧನನ ಅತಿಕ್ರಮಗಳನ್ನೂ ರಾಜರ ಸಮಕ್ಷದಲ್ಲಿ ಸಾರುವುದಾಗಿಯೂ ಹೇಳುತ್ತಾನೆ. ಪಕ್ಷದ ಹಿತವನ್ನು ಬಿಟ್ಟುಕೊಡದೆ, ಸಾಧ್ಯವಾದರೆ ಎದುರಾಳಿಗೂ ಹಿತವಾಗುವಂತೆ ಮಾತನಾಡಿ ಬರುವವನು ಒಳ್ಳೆಯ ದೂತನು, ಉತ್ತಮ ವಕೀಲನು. ಮಧ್ಯಸ್ಥನಲ್ಲ.

ಎಲ್ಲಕ್ಕಿಂತ ಬಲವಾದ ಪ್ರಮಾಣವು ಹಸ್ತಿನಾವತಿಯಲ್ಲಿ ಭೋಜನದ ಪ್ರಸಂಗದಲ್ಲಿದೆ. ದುರ್ಯೋಧನನು ಊಟಕ್ಕೆ ಕರೆದಾಗ ಕೃಷ್ಣನು ಒಪ್ಪುವುದಿಲ್ಲ. ಆಗ ದುರ್ಯೋಧನನು ಕೇಳುವ ಪ್ರಶ್ನೆಯು ವಿಚಾರಾರ್ಹವಾಗಿದೆ: ಕೃಷ್ಣನು ಎರಡು ಪಕ್ಷಗಳಿಗೂ ಸಹಾಯವನ್ನಿತ್ತವನು, ಇಬ್ಬರ ಹಿತದಲ್ಲಿಯೂ ಆಸಕ್ತನು, ಧೃತರಾಷ್ಟ್ರನಿಗೆ ನಂಟನೂ ಪ್ರಿಯನೂ ಆದವನು, ಹೀಗಿರಲು ಉಪಚಾರವನ್ನು ನಿರಾಕರಿಸುವುದೇಕೆ? ಇದಕ್ಕೆ ಕೃಷ್ಣನ ಉತ್ತರವು ಎರಡು ಮೆಟ್ಟಿಲುಗಳಲ್ಲಿ ಬರುತ್ತದೆ. ದೂತರು ಕಾರ್ಯವು ಕೈಗೂಡಿದ ಮೇಲೆ ಉಣ್ಣುವರು, ಪೂಜೆಯನ್ನು ಸ್ವೀಕರಿಸುವರು ಎಂದು ಮೊದಲು ಹೇಳಿ, ತಾನು ದೂತನೆಂಬುದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವನು. ಮತ್ತೂ ಒತ್ತಾಯಪಡಿಸಲು, ಪಾಂಡವರನ್ನು ದ್ವೇಷಿಸುವವನು ತನ್ನನ್ನೇ ದ್ವೇಷಿಸುವನೆಂದೂ, ತಾನೂ ಅವರೂ ಏಕಾತ್ಮರೆಂದು ತಿಳಿಯಬೇಕೆಂದೂ ನಿಷ್ಠುರವಾಗಿ ನುಡಿಯುವನು. ಕೃಷ್ಣನು ಉಭಯಪಕ್ಷಸಾಧಾರಣನೆಂಬ ವಾದವನ್ನು ಮಹಾಭಾರತದಲ್ಲಿ ಹೂಡಿದವನು ದುರ್ಯೋಧನ. ಅದನ್ನು ಖಂಡಿಸಿದವನು ಸ್ವಯಂ ಕೃಷ್ಣ. ಇಂದಿನ ಕಾನೂನು ಅಧ್ಯಾಪಕರು ತಿಳಿಯದೆಯೇ ದುರ್ಯೋಧನನ ಪಕ್ಷವನ್ನು ಅವಲಂಬಿಸಿರುವುದು ಸೋಜಿಗವೇ ಸರಿ. ಅಧಿನಿಯಮವು ವಿಧಿಸುವ ಸಂಬಂಧನಿವೇದನವನ್ನು ಕೃಷ್ಣನಷ್ಟು ಸ್ಪಷ್ಟವಾಗಿ ಮಾಡಿದವರು ವಿರಳ. ಆ ನಿವೇದನದ ಫಲವಾಗಿಯೇ ಅವನು ಮಧ್ಯಸ್ಥನ ಪೀಠಕ್ಕೆ ಅನರ್ಹನಾಗುವನು.

ಇಲ್ಲಿ ಒಂದು ಪೂರ್ವಪಕ್ಷವುಂಟು, ಅದು ದುರ್ಬಲವಾದುದಲ್ಲ. ಅದೇ ರಾತ್ರಿ ವಿದುರನ ಮನೆಯಲ್ಲಿ, ದುಷ್ಟರ ಸಭೆಗೆ ಏಕೆ ಬಂದೆಯೆಂದು ವಿದುರನು ಆಕ್ಷೇಪಿಸಲು, ಜ್ಞಾತಿಗಳಲ್ಲಿ ಒಡಕು ಹುಟ್ಟಿದಾಗ ಸರ್ವಪ್ರಯತ್ನದಿಂದಲೂ ನಡುವೆ ನಿಲ್ಲದ ಮಿತ್ರನನ್ನು ಬಲ್ಲವರು ಮಿತ್ರನೆಂದೆಣಿಸರು ಎಂದು ಕೃಷ್ಣನು ಸಮಾಧಾನ ಹೇಳುವನು. ಮಧ್ಯಸ್ಥ ಎಂಬ ಶಬ್ದವೇ ಆ ಶ್ಲೋಕದಲ್ಲಿದೆ. ಇದನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ಆದರೆ ಅಲ್ಲಿ ಹೇಳಿರುವುದು ಮಿತ್ರಧರ್ಮ. ಮಿತ್ರನು ನಡುವೆ ಪ್ರವೇಶಿಸಬೇಕೆಂದು ವಿಧಿಯೇ ಹೊರತು, ಪ್ರವೇಶಿಸಿದವನು ಮೈತ್ರಿಯನ್ನು ಕಳಚಿಟ್ಟು ತಟಸ್ಥನಾಗಬೇಕೆಂದಲ್ಲ. ಅಲ್ಲದೆ ಸಮರ್ಥನಾಗಿದ್ದರೂ ಕೃಷ್ಣನು ಕುರುಪಾಂಡವರನ್ನು ತಡೆಯಲಿಲ್ಲವೆಂದು ಮೂಢರು ಆಡಿಕೊಳ್ಳಬಾರದು ಎಂಬ ಕಾರಣವನ್ನೂ ಅಲ್ಲಿಯೇ ಸೇರಿಸುತ್ತಾನೆ. ಆ ಶಬ್ದದಿಂದ ಕೃಷ್ಣನ ಮನೋಭಾವವು ಸಿದ್ಧಿಸುತ್ತದೆ, ಅವನ ಶಾಂತಿಕಾಮನೆಯು ಕಪಟವಲ್ಲವೆಂಬುದು ಸಿದ್ಧಿಸುತ್ತದೆ, ಅಧಿಕಾರವು ಸಿದ್ಧಿಸುವುದಿಲ್ಲ. ಮನಸ್ಸಿನಲ್ಲಿ ಶಾಂತಿಯನ್ನು ಬಯಸುವ ದೂತನು ಇರಬಾರದೆಂಬ ನಿಯಮವೇನೂ ಇಲ್ಲ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರ ಎಂದು ದೂತರು ಮೂರು ಬಗೆ. ಕಾರ್ಯಭಾರವನ್ನೆಲ್ಲ ತನ್ನ ವಿವೇಕಕ್ಕೆ ಒಪ್ಪಿಸಿಕೊಂಡು ಹೋಗುವ ನಿಸೃಷ್ಟಾರ್ಥನ ಸ್ಥಾನವು ಕೃಷ್ಣನಿಗೆ ಸರಿಯಾಗಿ ಹೊಂದುತ್ತದೆ. ಭಾಸನದೆಂದು ಹೇಳುವ, ಗಣಪತಿಶಾಸ್ತ್ರಿಗಳು ತಿರುವನಂತಪುರದಿಂದ ಪ್ರಕಟಿಸಿದ ನಾಟಕಗಳಲ್ಲೊಂದಕ್ಕೆ ದೂತವಾಕ್ಯವೆಂದೇ ಹೆಸರಿರುವುದನ್ನೂ ಗಮನಿಸಬಹುದು.

ಪ್ರಯೋಗಿಸಿದ ಉಪಾಯಗಳಿಂದಲೂ ಇದೇ ಅಭಿಪ್ರಾಯವು ದೃಢಪಡುತ್ತದೆ. ಉಪಪ್ಲವ್ಯಕ್ಕೆ ಹಿಂದಿರುಗಿದ ಕೃಷ್ಣನು ಯುಧಿಷ್ಠಿರನಿಗೆ ನಡೆದುದನ್ನು ವರದಿಮಾಡುತ್ತಾನೆ. ಮೊದಲು ಸಾಮವನ್ನು ಪ್ರಯೋಗಿಸಿದುದು, ಅದು ಫಲಿಸದಿರಲು ರಾಜರನ್ನು ಬೆದರಿಸಿ, ದುರ್ಯೋಧನನನ್ನು ಹಳಿದು, ಕರ್ಣಶಕುನಿಗಳನ್ನು ಹೆದರಿಸಿ ಭೇದವನ್ನು ಪ್ರಯೋಗಿಸಿದುದು, ಮತ್ತೆ ದಾನಕ್ಕೆ ಬಂದು ರಾಜ್ಯವೆಲ್ಲ ನಿನ್ನದೇ ಆಗಲಿ, ಐದು ಗ್ರಾಮಗಳನ್ನು ಕೊಡು ಎಂದುದು, ಉಳಿದಿರುವುದು ನಾಲ್ಕನೆಯದಾದ ದಂಡವೊಂದೇ ಎಂಬುದು ಆ ವರದಿಯ ಸಾರ. ಸಾಮದಾನಗಳನ್ನು ಮಧ್ಯಸ್ಥನೂ ಒಂದು ಬಗೆಯಲ್ಲಿ ಬಳಸಿಯಾನು. ಭೇದವನ್ನು ಬಳಸುವ ಮಧ್ಯಸ್ಥನುಂಟೇ? ಒಂದು ಪಕ್ಷದವರನ್ನು ತಮ್ಮತಮ್ಮಲ್ಲಿ ಒಡೆಯುವುದು ಇನ್ನೊಂದು ಪಕ್ಷದವನ ಕೆಲಸ.

ಕರ್ಣನೊಡನೆ ಏಕಾಂತದಲ್ಲಿ ನಡೆದ ಸಂಭಾಷಣೆಯು ಈ ಭೇದದ ಪರಾಕಾಷ್ಠೆಯೆಂಬುದನ್ನು ಕನ್ನಡದ ಕವಿಗಳು ಚೆನ್ನಾಗಿ ಕಂಡುಕೊಂಡಿದ್ದರು. ಪಂಪನು ವಿಕ್ರಮಾರ್ಜುನವಿಜಯದಲ್ಲಿ ಉದ್ಯೋಗಪರ್ವದ ವಿಸ್ತಾರವನ್ನು ಬಹಳವಾಗಿ ಸಂಕ್ಷೇಪಿಸಿಯೂ ಈ ಭಾಗವನ್ನು ಬಿಡಲಿಲ್ಲ. ಅದರ ಬೆನ್ನಿಗೆ ಗಂಗಾತೀರದಲ್ಲಿ ಕುಂತಿಯು ಕರ್ಣನನ್ನು ಕಾಣುವ ಭಾಗವನ್ನೂ ಬಿಡಲಿಲ್ಲ. ಕುಮಾರವ್ಯಾಸನಲ್ಲಂತೂ ಈ ಸಂದರ್ಭಕ್ಕೆ ಕರ್ಣಭೇದನವೆಂಬ ಹೆಸರೇ ಪಾಠಶಾಲೆಗಳಲ್ಲಿ ರೂಢಿಯಾಗಿದೆ. ಮೂಲದ ಕರ್ಣನು ಧೀರವಾಗಿ ಕಾರಣಗಳನ್ನು ಹೇಳಿ ನಿರಾಕರಿಸುತ್ತಾನೆ. ಗದುಗಿನ ಕವಿಯ ಕರ್ಣನೂ ನಿರಾಕರಿಸುತ್ತಾನೆ. ಆದರೆ ಅದಕ್ಕೆ ಮುಂಚೆ ಕಣ್ಣೀರು ತುಂಬಿ, ತನ್ನ ಕುಲವನ್ನು ತಿಳಿಯಪಡಿಸುವುದರಿಂದಲೇ ಕೃಷ್ಣನು ತನ್ನ ಪ್ರಾಣವನ್ನು ತೆಗೆದುಬಿಟ್ಟನೆಂದು ಒಳಗೊಳಗೇ ಯೋಚಿಸುವನು. ಯುದ್ಧದ ಮೊದಲ ಬಾಣವು ಅಲ್ಲಿಯೇ ಬಿಡಲ್ಪಟ್ಟಿತೆಂಬುದು ಕವಿಯ ಭಾವ. ಮಾತು ಸತ್ಯ, ಆಹ್ವಾನವೂ ಸತ್ಯ; ಕರ್ಣನು ಬಂದಿದ್ದರೆ ರಾಜ್ಯವು ಅವನಿಗೆ ಸಲ್ಲುತ್ತಿತ್ತು. ಬರದಿದ್ದರೂ ಕೃಷ್ಣನ ಕಾರ್ಯವು ಕೆಡಲಿಲ್ಲ. ಹೇಗಾದರೂ ತನ್ನವರಿಗೆ ಲಾಭವಾಗುವಂತೆ ಆಡಿದ ಇಂತಹ ಸತ್ಯವಾಕ್ಯವು ನಿಸೃಷ್ಟಾರ್ಥನ ಚಾತುರ್ಯಕ್ಕೆ ಶಿಖರಪ್ರಾಯವಾದುದು. ಸಭೆಯಲ್ಲಿ ಎದ್ದು ನಿಲ್ಲದ ದುರ್ಯೋಧನನನ್ನು ಕೃಷ್ಣನು ಕಾಲಿನ ಉಂಗುಟದಿಂದ ನೆಲವನ್ನೊತ್ತಿ ತನ್ನ ಪಾದದೆಡೆಗೆ ಉರುಳಿಸಿದ ಕಥೆಯನ್ನೂ ಕುಮಾರವ್ಯಾಸನು ಹೇಳುತ್ತಾನೆ. ದೂತವಾಕ್ಯದಲ್ಲಿಯೂ, ಕೃಷ್ಣನಿಗಾಗಿ ಏಳುವವನಿಗೆ ದಂಡವನ್ನು ವಿಧಿಸಿದ ದುರ್ಯೋಧನನು ತಾನೇ ಪೀಠದಿಂದ ಬೀಳುವುದುಂಟು. ಎರಡಕ್ಕೂ ಸಂಬಂಧವೇನೆಂಬುದು ಪ್ರತ್ಯೇಕವಾಗಿ ಪರಿಶೀಲಿಸತಕ್ಕ ವಿಷಯ. ಭಕ್ತನಿಗೆ ಈ ಚಿತ್ರವು ರಸಪೂರ್ಣವಾದುದು. ಕಕ್ಷಿಗಾರನನ್ನು ಪೀಠದಿಂದ ಕೆಡಹುವ ಮಧ್ಯಸ್ಥನನ್ನು ಮಾತ್ರ ಯಾವ ನ್ಯಾಯಾಲಯವೂ ತನ್ನ ಪಟ್ಟಿಯಲ್ಲಿ ಇರಿಸಿಕೊಳ್ಳಲಾರದು.

ಆದರೂ ಒಂದಂಶದಲ್ಲಿ ಕೃಷ್ಣನು ಮಧ್ಯಸ್ಥನ ಧರ್ಮವನ್ನು ಪಾಲಿಸಿದನೆಂದು ಒಪ್ಪಬೇಕು, ಅದೂ ಈ ಕರ್ಣಪ್ರಸಂಗದಲ್ಲಿಯೇ. ತನ್ನ ಜನ್ಮವೃತ್ತಾಂತವನ್ನು ಯುಧಿಷ್ಠಿರನಿಗೆ ತಿಳಿಸಬೇಡವೆಂದು ಕರ್ಣನು ಬೇಡಿದನು. ತಿಳಿದರೆ ಧರ್ಮರಾಜನು ರಾಜ್ಯವನ್ನು ಸ್ವೀಕರಿಸನೆಂಬುದು ಅವನ ಕಾರಣ. ಕೃಷ್ಣನು ಆ ಗುಟ್ಟನ್ನು ತನ್ನ ಪಕ್ಷದವರಿಗೂ ಹೇಳಲಿಲ್ಲ. ಸ್ತ್ರೀಪರ್ವದಲ್ಲಿ ಜಲತರ್ಪಣದ ಕಾಲಕ್ಕೆ ಕುಂತಿಯ ಬಾಯಿಂದಲೇ ಅದು ಹೊರಬಿದ್ದುದು. ಮೀಡಿಯೇಷನ್ನಿನಲ್ಲಿ ಒಂದು ಪಕ್ಷವನ್ನು ಪ್ರತ್ಯೇಕವಾಗಿ ಕಂಡು ಕೇಳಿದುದನ್ನು ಇನ್ನೊಂದು ಪಕ್ಷಕ್ಕೆ ಒಡೆಯಬಾರದೆಂಬ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯುವುದು ಕಷ್ಟ. ಆ ಸಂಭಾಷಣೆಯನ್ನೆಲ್ಲ ಸಂಜಯನು ಧೃತರಾಷ್ಟ್ರನಿಗೆ ಒಪ್ಪಿಸಿದಂತೆ ಮೂಲದಲ್ಲಿದೆಯಲ್ಲ ಎಂದು ಯಾರಾದರೂ ಕೇಳಿಯಾರು. ನಿಜ, ಆದರೆ ಆ ಬಿರುಕು ಕೃಷ್ಣನದಲ್ಲ.

ಸಂಜಯನ ಹೆಸರು ಬಂದುದರಿಂದ ಅವನ ದೌತ್ಯವನ್ನೂ ನೋಡತಕ್ಕದ್ದು. ಧೃತರಾಷ್ಟ್ರನು ಅವನನ್ನು ಪಾಂಡವರಲ್ಲಿಗೆ ಕಳುಹಿಸಿದನು, ಶಾಂತಿಯ ಮಾತುಗಳನ್ನು ಹೇಳಿ ಕಳುಹಿಸಿದನು, ಭೂಮಿಯ ಮಾತನ್ನು ಮಾತ್ರ ಹೇಳಿ ಕಳುಹಿಸಲಿಲ್ಲ. ಯುದ್ಧದಿಂದ ರಾಜ್ಯವನ್ನು ಪಡೆಯುವುದಕ್ಕಿಂತ ಅಂಧಕವೃಷ್ಣಿಗಳ ದೇಶದಲ್ಲಿ ಭಿಕ್ಷೆ ಬೇಡಿ ಬದುಕುವುದು ಮೇಲೆಂದು ಸಂಜಯನು ಯುಧಿಷ್ಠಿರನಿಗೆ ಉಪದೇಶಿಸುವನು. ವಂಚಿತನಾದವನಿಗೆ ವೈರಾಗ್ಯ, ವಂಚಿಸಿದವನಿಗೆ ರಾಜ್ಯ! ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಓವನ್ ಫಿಸ್ ಎಂಬ ಆಚಾರ್ಯರು 1984ರಲ್ಲಿ ರಾಜಿಯನ್ನು ವಿರೋಧಿಸಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಎತ್ತಿದ ಮುಖ್ಯ ಆಕ್ಷೇಪಗಳಲ್ಲೊಂದು ಇದೇ: ಬಲವು ಸಮವಲ್ಲದ ಕಡೆ ರಾಜಿಯೆಂದರೆ ಬಡವನು ತನ್ನ ಹಕ್ಕನ್ನು ಕಡಮೆಗೆ ಮಾರಿಕೊಳ್ಳುವುದು. 1976ರಲ್ಲಿ ಹಾರ್ವರ್ಡಿನ ಫ್ರಾಂಕ್ ಸ್ಯಾಂಡರ್ ಅವರು ಒಂದೇ ನ್ಯಾಯಾಲಯಕ್ಕೆ ಹಲವು ಬಾಗಿಲುಗಳಿರಬೇಕೆಂದು ಸೂಚಿಸಿದಂದಿನಿಂದ ಬೆಳೆದು ಬಂದ ಉತ್ಸಾಹಕ್ಕೆ ಇದು ಅಂಕುಶಪ್ರಾಯವಾಯಿತು. ಶಾಂತಿಯ ಮಾತು ಯಾವಾಗ ಅನ್ಯಾಯದ ಮಾತಾಗುವುದೆಂದು ವಿದ್ಯಾರ್ಥಿಗಳಿಗೆ ತೋರಿಸಲು ಸಂಜಯಯಾನದಂತಹ ಪಾಠವು ಬೇರೆಲ್ಲಿಯೂ ಸಿಕ್ಕುವುದಿಲ್ಲ. ಅದನ್ನು ಬಿಟ್ಟು ಭಗವದ್ಯಾನವೊಂದನ್ನೇ ಹಿಡಿದಿರುವುದು ವಿಷಾದಕರ.

ಹಾಗಾದರೆ ಮಹಾಭಾರತದಲ್ಲಿ ಮಧ್ಯಸ್ಥನಾಗಬಲ್ಲವನು ಯಾರೂ ಇರಲಿಲ್ಲವೇ? ಒಬ್ಬನಿದ್ದನು, ಬಲರಾಮ. ಭೀಮನಿಗೂ ದುರ್ಯೋಧನನಿಗೂ ಗದಾವಿದ್ಯೆಯಲ್ಲಿ ಗುರು. ವಿರಾಟನ ಸಭೆಯಲ್ಲಿ, ಜೂಜಾಡಿ ಸೋತುದರಲ್ಲಿ ಯುಧಿಷ್ಠಿರನ ತಪ್ಪೂ ಉಂಟೆಂದು ಪಾಂಡವರ ಎದುರಿಗೇ ಹೇಳಿ, ವಿನಯದಿಂದ ಮಾತನಾಡುವವನನ್ನು ಕಳುಹಿಸಬೇಕೆಂದು ಸೂಚಿಸಿದವನು ಅವನು. ಸಾತ್ಯಕಿಯು ಸಿಡಿದೆದ್ದು ಆ ಮಾತನ್ನು ತಳ್ಳಿಹಾಕಿದನು. ಅವನನ್ನು ಕಳುಹಿಸುವ ಯೋಚನೆಯು ಯಾರಿಗೂ ಬರಲಿಲ್ಲ. ಕಡೆಗೆ ಅವನು ಎರಡು ಪಕ್ಷಗಳನ್ನೂ ಬಿಟ್ಟು ತೀರ್ಥಯಾತ್ರೆಗೆ ಹೊರಟುಹೋದನು. ತಟಸ್ಥನು ದೊರೆಯದೆ ಇದ್ದುದಲ್ಲ, ತಟಸ್ಥನನ್ನು ಇಬ್ಬರೂ ಬಯಸದೆ ಇದ್ದುದು ಈ ಕಥೆಯ ಸ್ವಾರಸ್ಯ.

ಅವನೇ ಹೋಗಿದ್ದರೂ ಫಲವಾಗುತ್ತಿತ್ತೆಂದು ಹೇಳುವಂತಿಲ್ಲ. ಹಾರ್ವರ್ಡಿನ ರೋಜರ್ ಫಿಷರ್, ವಿಲಿಯಂ ಯೂರಿ ಎಂಬವರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಕ್ಷಿಗಾರನು ಹಿಡಿದ ಪಟ್ಟನ್ನು ಬಿಟ್ಟು ಅದರ ಹಿಂದಿರುವ ಪ್ರಯೋಜನವನ್ನು ನೋಡಬೇಕೆಂದು ಬೋಧಿಸಿದರು. ಈ ಸೂತ್ರವು ಐದು ಗ್ರಾಮಗಳ ಬೇಡಿಕೆಗೆ ಸಲ್ಲುತ್ತದೆ: ಅರ್ಧರಾಜ್ಯವನ್ನು ಬಿಟ್ಟು ಐದು ಗ್ರಾಮಗಳಿಗೆ ಇಳಿದ ಯುಧಿಷ್ಠಿರನಿಗೆ ಬೇಕಾದುದು ಮಾನ ಮತ್ತು ನೆಲೆ. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದ ದುರ್ಯೋಧನನ ಪ್ರಯೋಜನವೇನು? ಇದಕ್ಕೆ ಉತ್ತರವನ್ನು ಕಂಡವನು ರನ್ನ. ಗದಾಯುದ್ಧದಲ್ಲಿ ತಂದೆತಾಯಿಗಳು ರಣರಂಗಕ್ಕೇ ಬಂದು ಸಂಧಿಯನ್ನು ಬೇಡಿದರೂ, ಶರಶಯ್ಯೆಯಲ್ಲಿ ಭೀಷ್ಮನು ಬುದ್ಧಿ ಹೇಳಿದರೂ ದುರ್ಯೋಧನನು ಒಪ್ಪುವುದಿಲ್ಲ. ತನ್ನ ಹೋರಾಟವು ನೆಲಕ್ಕಾಗಿಯಲ್ಲ, ಛಲಕ್ಕಾಗಿ ಎನ್ನುವನು. ಕರ್ಣದುಶ್ಶಾಸನರು ಸತ್ತ ಮೇಲೆ ಅವನಿಗೆ ನೆಲವು ಪಾಳು. ನೆಲವನ್ನು ಪಾಲುಮಾಡಬಹುದು, ಛಲವನ್ನು ಪಾಲುಮಾಡಲಾಗದು. ಪಟ್ಟೇ ಪ್ರಯೋಜನವಾಗಿ ನಿಂತವನ ಮುಂದೆ ಹಾರ್ವರ್ಡಿನ ಸೂತ್ರವು ಕುಂಠಿತವಾಗುವುದನ್ನು 10ನೆಯ ಶತಮಾನದ ಕೊನೆಯಲ್ಲಿದ್ದ ಕನ್ನಡ ಕವಿಯು ಚಿತ್ರಿಸಿರುವನು.

ವಿವಾದಪರಿಹಾರದ ಪ್ರಾಚೀನ ಭಾರತೀಯ ಪರಂಪರೆಯನ್ನು ಹುಡುಕುವವರು ಇತಿಹಾಸಕಾವ್ಯವನ್ನು ಬಿಟ್ಟು ವ್ಯವಹಾರಕಾಂಡಕ್ಕೆ ಬರುವುದು ಲೇಸು. ಅದಕ್ಕಾಗಿ ಕನ್ನಡಿಗರು ದೂರ ಹೋಗಬೇಕಾದುದೂ ಇಲ್ಲ. ಆರನೆಯ ವಿಕ್ರಮಾದಿತ್ಯನು ಕಲ್ಯಾಣದಲ್ಲಿ ಆಳುತ್ತಿದ್ದಾಗ (1076–1126) ಅಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದನು. ಸಭ್ಯರು ಶತ್ರುಮಿತ್ರರಲ್ಲಿ ಸಮರಾಗಿರತಕ್ಕದ್ದೆಂದು ಸ್ಮೃತಿಯ ವಿಧಿ. ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ತಪ್ಪಿ ನಡೆದವರಿಗೆ ಪ್ರತ್ಯೇಕ ಪ್ರತ್ಯೇಕವಾಗಿ ಇಮ್ಮಡಿ ದಂಡ. ಯಾವುದರ ಇಮ್ಮಡಿಯೆಂಬಲ್ಲಿ ವಿಜ್ಞಾನೇಶ್ವರನ ಸೂಕ್ಷ್ಮದೃಷ್ಟಿಯನ್ನು ನೋಡಬೇಕು: ಸೋತವನು ತೆರಬೇಕಾದ ದಂಡದ ಇಮ್ಮಡಿಯೇ ಹೊರತು ವಿವಾದಕ್ಕೆ ವಿಷಯವಾದ ದ್ರವ್ಯದ ಇಮ್ಮಡಿಯಲ್ಲ, ಹಾಗೆ ಹೇಳಿದರೆ ಸ್ತ್ರೀಸಂಗ್ರಹಣವೇ ಮೊದಲಾದ, ದ್ರವ್ಯವೇ ಇಲ್ಲದ ವಿವಾದಗಳಲ್ಲಿ ದಂಡವೇ ಇಲ್ಲದಂತಾಗುವುದು. ಕುಲ, ಶ್ರೇಣಿ, ಪೂಗ ಮತ್ತು ರಾಜನು ನೇಮಿಸಿದ ಸಭೆ ಎಂಬ ನಾಲ್ಕು ಸ್ಥಾನಗಳಲ್ಲಿ ಕುಲವೆಂದರೆ ಜ್ಞಾತಿಬಂಧುಗಳ ಕೂಟ. ಶ್ರೇಣಿಯೆಂದರೆ ಕುದುರೆಯ ವ್ಯಾಪಾರಿಗಳು, ವೀಳ್ಯದೆಲೆ ಮಾರುವವರು, ನೇಕಾರರು, ಚರ್ಮಕಾರರು ಮುಂತಾದ ಏಕವೃತ್ತಿಯವರ ಕೂಟ. ಪೂಗವೆಂದರೆ ಜಾತಿವೃತ್ತಿಗಳು ಬೇರೆಯಾದರೂ ಒಂದೇ ಊರಿನಲ್ಲಿ ವಾಸಿಸುವವರ ಕೂಟ. ಕುಲದಲ್ಲಿ ಸೋತವನಿಗೆ ತೃಪ್ತಿಯಾಗದಿದ್ದರೆ ಶ್ರೇಣಿಗೆ, ಅಲ್ಲಿಂದ ಪೂಗಕ್ಕೆ, ಅಲ್ಲಿಂದ ರಾಜಸಭೆಗೆ ಹೋಗಬಹುದು. ಮೇಲಿನಿಂದ ಕೆಳಕ್ಕೆ ಬರುವಂತಿಲ್ಲ.

ಆದರೆ ಕೃಷ್ಣನನ್ನು ಇಳಿಸಿ ಆ ಪೀಠದಲ್ಲಿ ಪೂಗವನ್ನು ಕುಳ್ಳಿರಿಸಿ ಇದೇ ಆದಿ ಮೀಡಿಯೇಷನ್ ಎಂದರೆ ಮತ್ತೆ ಅದೇ ಸಾಂಕರ್ಯ. ಪೂಗವು ತೀರ್ಪು ಕೊಡುತ್ತಿತ್ತು, ಆ ತೀರ್ಪಿನ ಮೇಲೆ ಪುನರ್ವಿಚಾರಣೆಯಿತ್ತು. ಆದುದರಿಂದ ಅದು ಆರ್ಬಿಟ್ರೇಷನ್ನಿಗೂ ಕೆಳಗಿನ ನ್ಯಾಯಾಲಯಕ್ಕೂ ಹತ್ತಿರ. 2023ರ ಅಧಿನಿಯಮದಲ್ಲಿ ಒಂದು ಪ್ರದೇಶದ ನಿವಾಸಿಗಳ ಅಥವಾ ಕುಟುಂಬಗಳ ನೆಮ್ಮದಿಯನ್ನು ಕೆಡಿಸುವ ವಿವಾದಗಳಿಗಾಗಿ ಮೂವರು ಮಧ್ಯಸ್ಥರ ಸಮುದಾಯ ಮೀಡಿಯೇಷನ್ನನ್ನು ಹೇಳಿದೆ. ಹೊರನೋಟಕ್ಕೆ ಪೂಗದ ನೆರಳು ಅದರಲ್ಲಿ ಕಾಣುತ್ತದೆ. ಆದರೆ ಅಲ್ಲಿ ಆದ ಒಪ್ಪಂದವು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಜಾರಿಯಾಗತಕ್ಕದ್ದಲ್ಲವೆಂದು ಅದೇ ಅಧ್ಯಾಯವು ಹೇಳುತ್ತದೆ. ಕಲ್ಯಾಣದ ನೇಕಾರರ ಶ್ರೇಣಿಯು ಕೊಟ್ಟ ತೀರ್ಪನ್ನು ಸೋತವನು ತಪ್ಪಿಸಿಕೊಳ್ಳಬೇಕಾದರೆ ಪೂಗದ ಮುಂದೆ ನಿಂತು ಮತ್ತೊಮ್ಮೆ ವಾದಿಸಲೇಬೇಕಾಗಿತ್ತು.